ಹಳೇ ರೈಲು ಹಾದಿಯಲ್ಲಿ ನಡಿಗೆ, ಸೈಕಲ್ ಸವಾರಿ
ರೈಲು ನಿಂತ ಮೇಲೆ ಹಳಿ ತೆಗೆದು, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟ ದಾರಿ ಇದು. ಮೊದಲು ರೈಲಿಗಾಗಿ ಮಾಡಿದ ಹಾದಿಯಾದ್ದರಿಂದ ಏರು ಸಾಮಾನ್ಯವಾಗಿ ಶೇ. 2–3 ದಾಟುವುದಿಲ್ಲ. ಮೋಸವೂ ಅದೇ: ಹೋಗುವಾಗ ಗೊತ್ತಾಗದ ಇಳಿಜಾರು ವಾಪಸು ಬರುವಾಗ ತೊಡೆ ನೋಯಿಸುತ್ತದೆ. ನೀರು ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗಲೇ ಹಿಂದಿರುಗಿ.

ನಡೆಯುವವರು ಇಬ್ಬರಿಗಿಂತ ಹೆಚ್ಚು ಅಡ್ಡಸಾಲಾಗಬೇಡಿ. ಫೋಟೊಗೆ ನಿಲ್ಲುವುದಾದರೆ ಡಾಂಬರು ಬಿಟ್ಟು ಪಕ್ಕಕ್ಕೆ.

ಸೈಕಲ್ಲಿನವರು 10–15 ಮೀಟರ್ ಹಿಂದಿನಿಂದಲೇ ಬೆಲ್ ಹೊಡೆಯಿರಿ. ತೀರಾ ಹತ್ತಿರ ಬಂದು ಹೊಡೆದರೆ ಜನ ಬೆಚ್ಚಿ ನಿಮ್ಮ ಚಕ್ರದ ಮುಂದೆಯೇ ಸರಿಯುತ್ತಾರೆ. ನಾಯಿ ಒಂದಂಚಿಗೆ, ಮಾಲೀಕರು ಇನ್ನೊಂದಂಚಿಗೆ ಇದ್ದರೆ ನಡುವೆ ಹಗ್ಗ ಇದೆಯೆಂದೇ ತಿಳಿಯಿರಿ. ದೂರದಿಂದ ಅದು ಕಾಣುವುದಿಲ್ಲ. ಭಾನುವಾರ ಬೆಳಗ್ಗೆ ವೇಗದ ಆಸೆ ಬಿಟ್ಟುಬಿಡಿ.

ರಸ್ತೆ ದಾಟುವ ಮುನ್ನ ಹಗುರ ಗೇರಿಗಿಳಿಸಿ. ಹಳಿ ಉಳಿದಿರುವ ಕಡೆ ಚಕ್ರ ನೇರ ಅಡ್ಡಲಾಗಿ ಹಾಯಬೇಕು. ಓರೆಯಾಗಿ ಹೋದರೆ ಟೈರು ಸಂದಿಗೆ ಸಿಕ್ಕುತ್ತದೆ. ಹಳಿ ಒದ್ದೆಯಿದ್ದರೆ ಇಳಿದು ತಳ್ಳಿ.