ಬಾಲ್ ಮಿಲ್‌ನಲ್ಲಿ ಪುಡಿ ದಪ್ಪ ಬರುತ್ತಿತ್ತು, ಹೀಗೆ ಸರಿಮಾಡಿದೆ

ಬಳ್ಳಾರಿ ಕಡೆ ತಿರುಗುವ ಉರುಳೆಯೊಳಗೆ ಉಕ್ಕಿನ ಗುಂಡುಗಳಿಂದ ಕಬ್ಬಿಣದ ಅದಿರು ಅರೆಯುವ ನಮ್ಮ ಬಾಲ್ ಮಿಲ್‌ನಲ್ಲಿ ಪುಡಿ ದಪ್ಪವಾಗತೊಡಗಿತು, ಮೋಟಾರಿನ ಆಂಪ್ಸ್ ಕೂಡ ಇಳಿಯಿತು. ಕರೆಂಟು ಉಳಿಯಿತೆಂದು ಖುಷಿಪಡುವ ವಿಷಯವಲ್ಲ ಇದು. ಹೆಚ್ಚಾಗಿ ಒಳಗೆ ಗುಂಡು ಸವೆದಿದೆ ಎಂದೇ ಅರ್ಥ.

ವೇಗ ಹೆಚ್ಚಿಸಿ ಅಂದರು ಕೆಲವರು. ಒಳವ್ಯಾಸ 2.4 ಮೀಟರ್, ಗುಂಡು 80 ಮಿ.ಮೀ. ಇದ್ದರೆ ಕ್ರಿಟಿಕಲ್ ಸ್ಪೀಡ್ (ಗುಂಡುಗಳು ಕೆಳಗೆ ಬೀಳದೆ ಗೋಡೆಗೆ ಅಂಟಿಕೊಂಡೇ ಸುತ್ತತೊಡಗುವ ವೇಗ) ನಿಮಿಷಕ್ಕೆ ಸುಮಾರು 28 ಸುತ್ತು. ನಮ್ಮದು 21ರಲ್ಲಿ, ಅಂದರೆ ಅದರ ಶೇ. 75ರಲ್ಲಿ ಓಡುತ್ತಿತ್ತು. ಅದು ಸರಿಯಾದ ವೇಗವೇ, ಮುಟ್ಟಬೇಕಿರಲಿಲ್ಲ.

ಮಿಲ್ ನಿಲ್ಲಿಸಿ, ಕರೆಂಟು ತೆಗೆದು ಬೀಗ ಹಾಕಿಸಿ (ಇದನ್ನು ಯಾರೂ ಬಿಡಬೇಡಿ), ಒಳಗಿನ ನೆತ್ತಿಯಿಂದ ಗುಂಡುಗಳ ಮಟ್ಟಕ್ಕೆ ಟೇಪ್ ಹಿಡಿದೆ: 1.68 ಮೀಟರ್. ಅದನ್ನು ವ್ಯಾಸದಿಂದ ಭಾಗಿಸಿ, 126ರಿಂದ ಗುಣಿಸಿ, 113ರಲ್ಲಿ ಕಳೆದರೆ ಒಳಜಾಗದಲ್ಲಿ ಗುಂಡು ತುಂಬಿರುವ ಶೇಕಡಾವಾರು ಸಿಗುತ್ತದೆ. ಬಂದಿದ್ದು ಬರೀ 25! ಒಡೆದ ಚೂರುಗಳನ್ನು ಆರಿಸಿ ತೆಗೆಸಿ, ಹೊಸ ಗುಂಡು ಹಾಕಿ 35ಕ್ಕೆ ತಂದೆವು.

ನೀರೂ ಹೆಚ್ಚಾಗಿತ್ತು. ಸ್ಲರಿ, ಅಂದರೆ ನೀರು ಬೆರೆತ ಅದಿರಿನ ಪುಡಿ, ತೆಳುವಾದರೆ ಗುಂಡಿನ ಮೈಗೆ ಹತ್ತುವುದಿಲ್ಲ. ಉಕ್ಕಿಗೆ ಉಕ್ಕೇ ಬಡಿದು ಖಣಖಣ ಅನ್ನುತ್ತದೆ, ಲೈನರ್ (ಒಳಗೋಡೆಯ ರಕ್ಷಣಾ ಹೊದಿಕೆ) ವೃಥಾ ಸವೆಯುತ್ತದೆ. ಘನಾಂಶವನ್ನು ತೂಕದಲ್ಲಿ ಶೇ. 60ರಿಂದ 70ಕ್ಕೆ ಏರಿಸಿದ ಮೇಲೆ ಸದ್ದು ಮಂದವಾಯಿತು, ಪುಡಿ ನುಣ್ಣಗೆ ಬಂತು. ಈಗ ಗುಂಡುಗಳನ್ನು ಒಟ್ಟಿಗೆ ಸುರಿಯದೆ, ಸವೆದಷ್ಟನ್ನು ದಿನಾ ತೂಗಿ ಹಾಕಿಸುತ್ತಿದ್ದೇನೆ.