ಬಲಿತ ಟಗರಿನ ಭುಜದ ಮಾಂಸಕ್ಕೆ ಕೇಜನ್ ಮಸಾಲೆ: ಓವನ್‌ನಲ್ಲಿ ನಿಧಾನಕ್ಕೆ ಬೇಯಿಸುವುದು ಹೇಗೆ

ಬಲಿತ ಟಗರಿನ ಮಾಂಸ ಅಂದ ತಕ್ಷಣ ನಾವೆಲ್ಲ ಕುಕ್ಕರ್ ಇಟ್ಟು ವಿಷಲ್ ಕೂಗಿಸುತ್ತೇವೆ. ಸಾರಿಗೆ ಅದೇ ಸರಿ. ಆದರೆ ಇಡೀ ತುಂಡು ಮೇಲೆ ಕೆಂಪಗಾಗಿ, ಒಳಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳಬೇಕು ಅಂದ್ರೆ ಓವನ್ ಬೇಕು, ಅರ್ಧ ದಿನ ಬಿಡುವು ಬೇಕು. ನಮ್ಮ ಮಲೆನಾಡಿನ ಮಳೆಗಾಲದ ಭಾನುವಾರಕ್ಕೆ ಇದಕ್ಕಿಂತ ಒಳ್ಳೆ ಅಡುಗೆ ನನಗಂತೂ ಗೊತ್ತಿಲ್ಲ.

ಅಂಗಡಿಯಲ್ಲಿ ಮುಂಗಾಲಿನ ಭುಜದ ಭಾಗ ಮೂಳೆ ಸಮೇತ, ಸುಮಾರು ಒಂದೂವರೆ ಕೆಜಿ, ಇಡಿಯಾಗಿ ಕೇಳಿ. ಕಾಲಿನ ಮೂಳೆ ಮಧ್ಯಕ್ಕೆ ಕಡಿಸಿಕೊಳ್ಳಿ, ಇಲ್ಲದಿದ್ದರೆ ಓಟಿಜಿ (ಮನೆಯ ಸಣ್ಣ ಕರೆಂಟ್ ಓವನ್) ಒಳಗೆ ಹಿಡಿಸುವುದಿಲ್ಲ.

ಕೇಜನ್ನರು ಅಂದ್ರೆ ಕೆನಡಾ ಕಡೆಯ ಅಕೇಡಿಯಾದಿಂದ 1755ರ ನಂತರ ಬ್ರಿಟಿಷರು ಓಡಿಸಿದ ಫ್ರೆಂಚ್ ಮಾತಿನ ಜನರ ಪೈಕಿ ಅಮೆರಿಕದ ಲೂಯಿಸಿಯಾನಾಕ್ಕೆ ಬಂದು ನೆಲೆ ನಿಂತವರ ವಂಶದವರು. ಅಲ್ಲೂ ಭತ್ತ ಬೆಳೆಯುತ್ತಾರೆ, ಅನ್ನಕ್ಕೆ ಮಾಂಸದ ಗ್ರೇವಿ ಹಾಕಿಕೊಂಡು ಉಣ್ಣುತ್ತಾರೆ. ಹಾಗಾಗಿ ಈ ರುಚಿ ನಮಗೆ ಹೊಸದು ಅನಿಸುವುದೇ ಇಲ್ಲ.

ಮಸಾಲೆಗೆ ಅವರು ಪ್ಯಾಪ್ರಿಕಾ ಹಾಕುವ ಕಡೆ ನಾನು ಬ್ಯಾಡಗಿ ಪುಡಿ ಹಾಕುತ್ತೇನೆ, ಒಂದು ದೊಡ್ಡ ಚಮಚ. ಖಾರಕ್ಕೆ ಗುಂಟೂರು ಪುಡಿ ಅರ್ಧ ಟೀ ಚಮಚ. ಆಗಷ್ಟೇ ಕುಟ್ಟಿದ ಮನೆ ಕರಿಮೆಣಸು ಒಂದೂವರೆ ಟೀ ಚಮಚ, ಥೈಮ್, ಒರೆಗಾನೊ ಎಂಬ ಘಮದ ಎಲೆಗಳ ಪುಡಿ ಒಂದೊಂದು ಟೀ ಚಮಚ, ಜಜ್ಜಿದ 8 ಎಸಳು ಬೆಳ್ಳುಳ್ಳಿ, ಎರಡೂವರೆ ಟೀ ಚಮಚ ಉಪ್ಪು, ಸ್ವಲ್ಪ ಎಣ್ಣೆ. ಗರಂ ಮಸಾಲ, ಶುಂಠಿ ದಯವಿಟ್ಟು ಬೇಡ, ಹಾಕಿದರೆ ಅದು ನಮ್ಮ ಮಾಮೂಲಿ ಮಟನ್ನೇ ಆಗಿಬಿಡುತ್ತದೆ. ಮಾಂಸಕ್ಕೆ ಚೆನ್ನಾಗಿ ತಿಕ್ಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ.

ಬೆಳಿಗ್ಗೆ ಕಬ್ಬಿಣದ ಬಾಣಲೆಯಲ್ಲಿ ಎಲ್ಲ ಮಗ್ಗುಲೂ ಕಂದು ಬಣ್ಣಕ್ಕೆ ಬರುವಂತೆ ಬಾಡಿಸಿ ತೆಗೆಯಿರಿ. ಅದೇ ಜಿಡ್ಡಿನಲ್ಲಿ 3 ಈರುಳ್ಳಿ, 1 ದೊಣ್ಣೆಮೆಣಸು, 2 ಸೆಲರಿ ದಂಟು ಹೆಚ್ಚಿ ಹುರಿಯಿರಿ. ಕೇಜನ್ ಅಡುಗೆಯ ಬುನಾದಿ ಈ ಮೂರೇ. ಸೆಲರಿ ಸಿಗದಿದ್ದರೆ ಕೊತ್ತಂಬರಿ ದಂಟು ಹಾಕಿ, ಅದೇ ರುಚಿ ಬರದು, ಆದರೆ ಹಸಿರು ಘಮ ಇರುತ್ತದೆ. ಎರಡು ಲೋಟ ನೀರು ಹಾಕಿ ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು ಟ್ರೇಗೆ ಸುರಿಯಿರಿ, ಮೇಲೆ ಮಾಂಸ ಇಟ್ಟು ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ.

150 ಡಿಗ್ರಿಯಲ್ಲಿ 3 ಗಂಟೆ. ಒಂದೂವರೆ ಗಂಟೆಗೆ ಚುಚ್ಚಿ ನೋಡಿದರೆ ಮಾಂಸ ಮೊದಲಿಗಿಂತ ಗಟ್ಟಿ ಅನಿಸುತ್ತದೆ, ಅಲ್ಲೇ ಜಾಸ್ತಿ ಜನ ಬೇಸತ್ತು ಕುಕ್ಕರ್‌ಗೆ ಹಾಕಿಬಿಡುತ್ತಾರೆ. ಹಾಕಬೇಡಿ! ಮಾಂಸದ ಒಳಗಿನ ಬಿಸಿ 70 ಡಿಗ್ರಿ ದಾಟಿದ ಮೇಲೆ ನಾರಿನ ಕೊಲಾಜೆನ್ (ಮಾಂಸವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್) ಚೆನ್ನಾಗಿ ಕರಗಿ ಜೆಲಟಿನ್ ಎಂಬ ಮೆತ್ತನೆಯ ಅಂಟು ಆಗುತ್ತದೆ, ಅದಕ್ಕೆ ಗಂಟೆಗಟ್ಟಲೆ ಬೇಕು. ಗ್ರೇವಿ ತುಟಿಗೆ ಅಂಟುವಷ್ಟು ಗಟ್ಟಿಯಾಗುವುದು ಇದರಿಂದಲೇ, ಎಳೆ ಮಾಂಸದಲ್ಲಿ ಈ ಸುಖ ಇಲ್ಲ.

ಆಮೇಲೆ ದಪ್ಪ ತುಂಡಿನ ಕ್ಯಾರೆಟ್, ಆಲೂಗಡ್ಡೆ ಸುತ್ತ ಹಾಕಿ ಮತ್ತೆ ಮುಚ್ಚಿ ಒಂದು ಗಂಟೆ. ಮೊದಲೇ ಹಾಕಿದರೆ ಮುದ್ದೆಯಾಗುತ್ತವೆ. ಕೊನೆಗೆ ಫಾಯಿಲ್ ತೆಗೆದು 200 ಡಿಗ್ರಿಯಲ್ಲಿ 15–20 ನಿಮಿಷ.

ಮಳೆಗೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಸ್ವಲ್ಪ ಹೊತ್ತು ಬಿಸಿ ನಿಲ್ಲುತ್ತದೆ. ಅರ್ಧ ಗಂಟೆಗೂ ಬರಲಿಲ್ಲ ಅಂದ್ರೆ ದಪ್ಪ ತಳದ ಪಾತ್ರೆಗೆ ಹಾಕಿ ಮುಚ್ಚಿ ಗ್ಯಾಸ್ ಮೇಲೆ ಸಣ್ಣ ಉರಿಯಲ್ಲಿ ಮುಂದುವರಿಸಿ.

ಮೇಲೆ ತೇಲುವ ಕೊಬ್ಬು ತೆಗೆದು ಬಿಸಿ ಅನ್ನಕ್ಕೋ ಕಡುಬಿಗೋ ಗ್ರೇವಿ ಹಾಕಿಕೊಳ್ಳಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಕುದಿಯುವಂತೆ ಬಿಸಿ ಮಾಡಿದರೆ ಅಕ್ಕಿ ರೊಟ್ಟಿಗೆ ಇನ್ನೂ ಚೆನ್ನ.