ಬೀದಿಯ ಡಾಂಬರಿಗೆ ಲೆಕ್ಕ ಕೇಳುವ ಬಗೆ: ಬೆಂಗಳೂರಿನ ನಿವಾಸಿಗಳಿಗೆ

ಬೆಂಗಳೂರಿನ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ 198 ವಾರ್ಡುಗಳಿಂದ ಸದಸ್ಯರು ಆಯ್ಕೆಯಾದರು. ಅವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ನಗರವು ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದಾಗಲೂ ಯಾವ ವಾರ್ಡಿನಲ್ಲೂ ಚುನಾಯಿತ ಸದಸ್ಯರಿರಲಿಲ್ಲ. ಈ ಐದು ವರ್ಷಗಳಲ್ಲಿ ರಸ್ತೆ ಅಗೆಯುವುದಾಗಲಿ, ಮುಚ್ಚುವುದಾಗಲಿ, ಡಾಂಬರು ಹಾಕಿ ಬಿಲ್ಲು ಮಾಡುವುದಾಗಲಿ ನಿಲ್ಲಲಿಲ್ಲ. ಆ ಬಿಲ್ಲಿನ ಬಗ್ಗೆ ಬೀದಿಯವರ ಪರವಾಗಿ ಪಾಲಿಕೆ ಸಭೆಯಲ್ಲಿ ಎದ್ದು ನಿಂತು ಕೇಳುವವರೊಬ್ಬರು ಇಲ್ಲವಾದರು. ಸದಸ್ಯರಿದ್ದರೂ ಇಲ್ಲದಿದ್ದರೂ ಆ ಪ್ರಶ್ನೆಯನ್ನು ನಿವಾಸಿಯೇ ಕೇಳಬಹುದು, ಅದಕ್ಕೆ ಬೇಕಾದ ಕಾನೂನು ನಮ್ಮ ಕೈಯಲ್ಲಿದೆ. ಹೇಗೆ ಎಂಬುದನ್ನು ಒಂದು ಅಡ್ಡರಸ್ತೆಯ ಡಾಂಬರೀಕರಣವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಮೊದಲ ಕೆಲಸ, ರಸ್ತೆ ಯಾರದು, ಅಗೆದವರು ಯಾರು ಎಂದು ಬೇರೆ ಬೇರೆಯಾಗಿ ತಿಳಿಯುವುದು. ವಾರ್ಡಿನ ಒಳರಸ್ತೆಗಳನ್ನು ನೋಡಿಕೊಳ್ಳುವುದು ಪಾಲಿಕೆಯ ವಾರ್ಡ್ ಮಟ್ಟದ ಎಂಜಿನಿಯರುಗಳು. ದೊಡ್ಡ ರಸ್ತೆಗಳಿಗೆ ಬೇರೆ ವಿಭಾಗವಿರುತ್ತದೆ. ಗುಂಡಿ ತೋಡಿದವರು ಜಲಮಂಡಳಿಯವರಿರಬಹುದು, ಬೆಸ್ಕಾಂನವರಿರಬಹುದು, ಕೇಬಲ್ ಎಳೆಯುವ ಖಾಸಗಿ ಕಂಪನಿಯವರಿರಬಹುದು. ಪಾಲಿಕೆಗೆ 1533, ಜಲಮಂಡಳಿಗೆ 1916, ಬೆಸ್ಕಾಂಗೆ 1912 ಎಂಬ ಸಹಾಯವಾಣಿಗಳಿವೆ. ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ದೂರವಾಣಿಯ ದೂರು ಒಂದು ದಿನ ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋಗುತ್ತದೆ, ಗುಂಡಿ ಮಾತ್ರ ತೆರೆದೇ ಇರುತ್ತದೆ. ನಮ್ಮ ಬೀದಿಯ ಒಂದೇ ಗುಂಡಿಯ ಬಗ್ಗೆ ನಾನು ಕೊಟ್ಟ ಮೂರು ದೂರುಗಳೂ ಹೀಗೆಯೇ ಮುಗಿದವು. ಅಂದಿನಿಂದ ‘ಸರಿ ಮಾಡಿಕೊಡಿ’ ಎಂಬ ಮನವಿಯ ಜೊತೆಗೆ ‘ಇದರ ಕಡತ ತೋರಿಸಿ’ ಎಂಬ ಅರ್ಜಿಯನ್ನೂ ಕೊಡುತ್ತಾ ಬಂದಿದ್ದೇನೆ. ಮನವಿಗೆ ಉತ್ತರಿಸದೆ ಇರಬಹುದು; ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸದಿದ್ದರೆ ಅಧಿಕಾರಿ ಸ್ವಂತ ಜೇಬಿನಿಂದ ದಂಡ ಕಟ್ಟಬೇಕಾದೀತು.

ಬೀದಿಯಲ್ಲಿ ಜಲ್ಲಿ ಸುರಿದ ದಿನವೇ ನಿಮ್ಮ ಕೆಲಸ ಆರಂಭವಾಗಬೇಕು. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯಬೇಕಾದ ದಿನ ಇವುಗಳ ಫಲಕ ಹಾಕಿದ್ದರೆ ಅದರ ಚಿತ್ರ ತೆಗೆದುಕೊಳ್ಳಿ. ಫಲಕವಿಲ್ಲದಿದ್ದರೆ ಸ್ಥಳದಲ್ಲಿರುವ ಎಂಜಿನಿಯರರನ್ನು ಸೌಜನ್ಯದಿಂದಲೇ ಕಾಮಗಾರಿಯ ಜಾಬ್ ಸಂಖ್ಯೆ, ಎಂದರೆ ಆ ಕಾಮಗಾರಿಯ ಗುರುತಿನ ಸಂಖ್ಯೆ ಕೇಳಿ. ಒಂದೇ ರಸ್ತೆಯನ್ನು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಅನುದಾನದಲ್ಲಿ ತೋರಿಸಲು ಅವಕಾಶವಿರುವುದರಿಂದ ರಸ್ತೆಯ ಹೆಸರಿಗಿಂತ ಈ ಸಂಖ್ಯೆ ಹೆಚ್ಚು ನಂಬಿಕೆಗೆ ಅರ್ಹ.

ಅನಂತರದ್ದು ಮಾಹಿತಿ ಹಕ್ಕು ಅಧಿನಿಯಮ, 2005ರ 6(1)ನೇ ಪ್ರಕರಣದಡಿ ಅರ್ಜಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಬೀದಿಯ ಕಷ್ಟವನ್ನೆಲ್ಲ ತೋಡಿಕೊಂಡ ಅರ್ಜಿಗಳು ಈ ಕಾರಣಕ್ಕೇ ತಿರಸ್ಕೃತವಾಗುತ್ತವೆ. ‘ರಸ್ತೆ ಯಾಕೆ ಹಾಳಾಗಿದೆ’ ಎಂದು ಕೇಳಬೇಡಿ, ಅದಕ್ಕೆ ದಾಖಲೆಯ ರೂಪದ ಉತ್ತರವಿಲ್ಲ. ಇಂಥ ಜಾಬ್ ಸಂಖ್ಯೆಯ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ ಮತ್ತು ಪಾವತಿಯಾದ ಬಿಲ್ಲು ಇವುಗಳ ದೃಢೀಕೃತ ಪ್ರತಿ ಬೇಕೆಂದು ಬರೆಯಿರಿ. ಕೊನೆಗೆ, 2(ಜೆ) ಪ್ರಕರಣದಂತೆ ಕಡತವನ್ನೂ ಕಾಮಗಾರಿಯನ್ನೂ ಖುದ್ದಾಗಿ ಪರಿಶೀಲಿಸಲು ಅವಕಾಶ ಕೊಡಬೇಕೆಂದು ಒಂದು ವಾಕ್ಯ ಸೇರಿಸಿ. ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಪ್ರಕರಣದಲ್ಲಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ ಅದನ್ನು ಐದು ದಿನಗಳೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅಧಿಕಾರಿಯ ಕರ್ತವ್ಯವಾದ್ದರಿಂದ, ‘ಇದು ನಮ್ಮದಲ್ಲ, ತೆಗೆದುಕೊಂಡು ಹೋಗಿ’ ಎಂಬ ಮಾತಿಗೆ ಹಿಂತಿರುಗಬೇಕಾಗಿಲ್ಲ.

ಕೈಗೆ ಬಂದ ಕಾಗದಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ ಪುಸ್ತಕ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಉದ್ದ, ಅಗಲ, ದಪ್ಪ ಅಳೆದು ಇದರಲ್ಲಿ ಬರೆಯಬೇಕು. ಗುತ್ತಿಗೆದಾರರಿಗೆ ಹಣ ಪಾವತಿಯಾಗುವುದು ಈ ಅಂಕಿಗಳ ಮೇಲೆಯೇ. ಇದನ್ನು ಓದಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ, ಗುಣಾಕಾರ ಬಂದರೆ ಸಾಕು. ರಸ್ತೆಯ ಉದ್ದ 200 ಮೀಟರ್, ಅಗಲ 6 ಮೀಟರ್, ಮೇಲ್ಪದರದ ದಪ್ಪ 40 ಮಿಲಿಮೀಟರ್ ಎಂದು ಬರೆದಿದ್ದರೆ ಬಳಕೆಯಾದ ಡಾಂಬರು ಮಿಶ್ರಣ 48 ಘನ ಮೀಟರ್ ಎಂದಾಯಿತು. ಒತ್ತಿ ಕೂರಿಸಿದ ಮಿಶ್ರಣದ ತೂಕ ಘನ ಮೀಟರಿಗೆ ಸುಮಾರು 2.35 ಟನ್ ಎಂದು ಹಿಡಿದರೆ ಒಟ್ಟು 113 ಟನ್ ಹತ್ತಿರ. ಒಂದು ಟಿಪ್ಪರ್ 16 ಟನ್ ತಂದಿತೆಂದರೆ ನಿಮ್ಮ ಬೀದಿಗೆ ಏಳು ಲೋಡು ಬಂದಿರಬೇಕು. ಆ ದಿನ ಬಂದದ್ದು ನಾಲ್ಕೇ ಲೋಡು ಎಂದು ಎದುರುಮನೆಯ ಅಜ್ಜಿ ಎಣಿಸಿಟ್ಟಿದ್ದರೆ ಅದು ಹರಟೆಯಲ್ಲ, ಸಾಕ್ಷ್ಯ. ಪ್ರತಿ ಲೋಡಿನ ಜೊತೆ ಮಿಶ್ರಣ ಘಟಕದ ತೂಕದ ಚೀಟಿ ಬರುತ್ತದೆ. ಅದರ ಪ್ರತಿಯನ್ನೂ ಅರ್ಜಿಯಲ್ಲಿ ಕೇಳಬಹುದು. 40 ಮಿಲಿಮೀಟರ್ ಬರೆದು 25 ಮಾತ್ರ ಹಾಕಿದ್ದರೆ ಈ ಪುಟ್ಟ ಬೀದಿಯೊಂದರಲ್ಲೇ 18 ಘನ ಮೀಟರ್, ಎಂದರೆ 42 ಟನ್ನಿನಷ್ಟು ಮಿಶ್ರಣ ಕಾಗದದ ಮೇಲೆ ಮಾತ್ರ ಇದೆ ಎಂದರ್ಥ.

ದಪ್ಪದ ಬಗ್ಗೆ ಅನುಮಾನವಿದ್ದರೆ ನೀವೇ ರಸ್ತೆ ಅಗೆಯಬೇಡಿ, ಅದು ಸಾರ್ವಜನಿಕ ಆಸ್ತಿಗೆ ಹಾನಿಯಾಗುತ್ತದೆ. ಅಧಿಕಾರಿಯ ಸಮ್ಮುಖದಲ್ಲಿ ಕೋರ್ ಕಟಿಂಗ್ ಪರೀಕ್ಷೆ (ರಸ್ತೆಯಿಂದ ಕೊಳವೆಯಾಕಾರದ ತುಂಡು ಕೊರೆದು ತೆಗೆದು ದಪ್ಪ ಅಳೆಯುವುದು) ಮಾಡಿಸಬೇಕೆಂದು ಕಾರ್ಯಪಾಲಕ ಎಂಜಿನಿಯರಿಗೆ ಲಿಖಿತವಾಗಿ ಕೇಳಿ. ಅಂದಾಜು ಪಟ್ಟಿಯಲ್ಲಿ ಹಳೆಯ ಪದರವನ್ನು ಕೆರೆದು ತೆಗೆಯುವ ಬಾಬ್ತು ಇದೆಯೇ ಎಂಬುದನ್ನೂ ನೋಡಿ. ಕೆರೆಯದೆ ಪದರದ ಮೇಲೆ ಪದರ ಹಾಕುತ್ತಾ ಹೋದ ಬೀದಿಗಳಲ್ಲಿ ರಸ್ತೆ ಹೊಸ್ತಿಲಿಗಿಂತ ಮೇಲಾಗಿ, ಮಳೆಯ ನೀರು ಮನೆಯೊಳಗೆ ಬರುತ್ತದೆ. ತಗ್ಗಿನ ಬಡಾವಣೆಗಳಲ್ಲಿ ಹಳೆಯ ಮನೆಗಳವರು ಪ್ರತಿ ಮಳೆಗಾಲ ಅನುಭವಿಸುವ ಸಂಕಟದಲ್ಲಿ ಇದರದೂ ಪಾಲಿದೆ, ಮತ್ತು ಇದನ್ನು ತಡೆಯಲು ಬೇಕಾಗಿದ್ದದ್ದು ಅಂದಾಜು ಪಟ್ಟಿಯ ಒಂದು ಸಾಲು ಎಂದು ನೆನೆದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಮಳೆ ಸುರಿಯುವಾಗ ಅಥವಾ ನೀರು ನಿಂತಿರುವಾಗ ಡಾಂಬರು ಹಾಕುತ್ತಿದ್ದರೆ ಸಮಯ ಕಾಣುವಂತೆ ವಿಡಿಯೊ ತೆಗೆದಿಡಿ. ಹಾಗೆ ಹಾಕುವುದಕ್ಕೆ ಕಾಮಗಾರಿಯ ನಿರ್ದಿಷ್ಟತೆಗಳಲ್ಲಿ ಅನುಮತಿಯಿಲ್ಲ.

ಇನ್ನು ಪೊಲೀಸರ ವಿಷಯ. ಬೀದಿಯ ಕಾಮಗಾರಿಗೂ ಠಾಣೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಎರಡು ಕಡೆ ಇದೆ. ತಡೆಗೋಡೆಯಾಗಲಿ ದೀಪವಾಗಲಿ ಇಲ್ಲದೆ ಗುಂಡಿ ಬಿಟ್ಟುಹೋಗಿದ್ದರೆ ಅದು ಸಾರ್ವಜನಿಕ ದಾರಿಯಲ್ಲಿ ಅಪಾಯ ಒಡ್ಡಿದಂತೆ, ಮತ್ತು ಭಾರತೀಯ ನ್ಯಾಯ ಸಂಹಿತೆಯ 285ನೇ ಪ್ರಕರಣದಡಿ ಅಪರಾಧ. ಯಾರಾದರೂ ಬೀಳುವವರೆಗೆ ಕಾಯದೆ 112ಕ್ಕೆ ಕರೆ ಮಾಡಿ, ಠಾಣೆಗೂ ಲಿಖಿತವಾಗಿ ತಿಳಿಸಿ. ಉಪದ್ರವವನ್ನು ತೆಗೆಸಲು ಷರತ್ತಿನ ಆದೇಶ ಹೊರಡಿಸುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣವು ಕಾರ್ಯಪಾಲಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಪ್ರಕರಣವಾಗಿತ್ತು. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ನಿವಾಸಿಗಳು ತೆರೆದ ಚರಂಡಿ ಮತ್ತು ಹೊಲಸಿನ ವಿರುದ್ಧ ಈ ಪ್ರಕರಣವನ್ನೇ ಹಿಡಿದು ಹೋರಾಡಿದರು. 1980ರಲ್ಲಿ ಸುಪ್ರೀಂ ಕೋರ್ಟ್, ಹಣವಿಲ್ಲ ಎಂಬ ನೆಪ ಹೇಳಿ ಪುರಸಭೆ ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ತೀರ್ಪಿತ್ತಿತು. ನಿಮ್ಮ ಮನವಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಲು ಸಂಕೋಚ ಬೇಡ.

ಎರಡನೆಯದು, ಲೆಕ್ಕ ಕೇಳಿದವರಿಗೆ ಬರುವ ಬೆದರಿಕೆ. ಮನೆ ಬಾಗಿಲಿಗೆ ಯಾರೋ ಬಂದು ‘ಅರ್ಜಿ ವಾಪಸ್ ತಗೊಳ್ಳಿ ಸರ್, ಸುಮ್ಮನೆ ಯಾಕೆ ತೊಂದರೆ’ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂದೇ ಎರಡು ಪ್ರತಿಯಲ್ಲಿ ದೂರು ಬರೆದು, ಜೊತೆಗೊಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗಿ, ಒಂದು ಪ್ರತಿಯ ಮೇಲೆ ಮೊಹರು ಮತ್ತು ಸ್ವೀಕೃತಿ ಪಡೆಯಿರಿ. ಸಂಜ್ಞೇಯ ಅಪರಾಧದ, ಎಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಕೊಟ್ಟಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ ಘಟನೆ ಯಾವ ಠಾಣೆಯ ವ್ಯಾಪ್ತಿಯದಾಗಿದ್ದರೂ ದೂರು ಸ್ವೀಕರಿಸಬೇಕು ಮತ್ತು ಪ್ರತಿಯನ್ನು ಉಚಿತವಾಗಿ ಕೊಡಬೇಕು. ಬರಿಯ ಮಾತಿನ ಬೆದರಿಕೆ ಅಸಂಜ್ಞೇಯವೆಂದು ಠಾಣಾಧಿಕಾರಿ ಹೇಳಿದರೆ ಆ ಮಾತು ಸರಿಯಿರಲೂಬಹುದು. ಆಗ 174ನೇ ಪ್ರಕರಣದಂತೆ ವಿಷಯವನ್ನು ದಾಖಲಿಸಿಕೊಂಡು, ಮ್ಯಾಜಿಸ್ಟ್ರೇಟರ ಬಳಿ ಹೋಗಲು ನಿಮಗೆ ತಿಳಿಸಬೇಕು. ಏನನ್ನೂ ಬರೆಯದೆ ಕಳಿಸಿದರೆ ನಗರದಲ್ಲಿ ಡಿಸಿಪಿಗೆ (ಉಪ ಪೊಲೀಸ್ ಆಯುಕ್ತರಿಗೆ) ನೋಂದಾಯಿತ ಅಂಚೆಯಲ್ಲಿ ದೂರು ಕಳಿಸಿ, ಅದಕ್ಕೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಇದಕ್ಕಿಂತ ಮೊದಲೇ ನಿಮ್ಮ ಬೀದಿಯ ಬೀಟ್ ಸಿಬ್ಬಂದಿಯ ಪರಿಚಯ ಮಾಡಿಕೊಂಡಿರುವುದು ಒಳ್ಳೆಯದು. ಕಷ್ಟ ಬಂದ ದಿನ ಮೊದಲ ಸಲ ಠಾಣೆಯ ಮೆಟ್ಟಿಲು ಹತ್ತುವವರ ಮಾತಿಗಿಂತ, ಗುರುತಿರುವ ನಿವಾಸಿಯ ಮಾತನ್ನು ಸಿಬ್ಬಂದಿ ತಾಳ್ಮೆಯಿಂದ ಕೇಳುತ್ತಾರೆ.

ಈ ಕೆಲಸವನ್ನು ಒಬ್ಬರೇ ಮಾಡಬೇಡಿ. ಮೂರು ಮನೆಗಳವರು ಸೇರಿ, ಒಬ್ಬರು ಮಾಹಿತಿ ಅರ್ಜಿ, ಇನ್ನೊಬ್ಬರು ಚಿತ್ರಗಳು, ಮತ್ತೊಬ್ಬರು ಪತ್ರವ್ಯವಹಾರ ಎಂದು ಹಂಚಿಕೊಂಡರೆ ಬೆದರಿಸಲು ಬರುವವರಿಗೆ ಯಾರ ಬಾಗಿಲು ತಟ್ಟಬೇಕೆಂಬುದೇ ತಿಳಿಯುವುದಿಲ್ಲ. ಶಾಸಕರ ಕಚೇರಿಗೂ ಹೋಗಿ, ಆದರೆ ದಾಖಲೆ ಕೈಗೆ ಬಂದ ಮೇಲೆ ಹೋಗಿ. ಸದಸ್ಯರಿಲ್ಲದ ಕಾಲದಲ್ಲಿ ವಾರ್ಡಿನ ಕಾಮಗಾರಿಗಳ ಮೇಲೆ ಶಾಸಕರ ಮಾತು ಹೆಚ್ಚು ನಡೆಯುತ್ತದೆ. ಬರಿಗೈಯಲ್ಲಿ ಹೋದವರಿಗೆ ಭರವಸೆ ಸಿಗುತ್ತದೆ, ಅಳತೆ ಪುಸ್ತಕದ ಪ್ರತಿ ಹಿಡಿದು ಹೋದವರಿಗೆ ಎಂಜಿನಿಯರಿಗೊಂದು ದೂರವಾಣಿ ಕರೆ ಸಿಗುತ್ತದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ನಿಮ್ಮ ವಾರ್ಡಿನಲ್ಲಿ ಸಭೆ ನಡೆಯುತ್ತಿದ್ದರೆ ನಿಮ್ಮ ಬೀದಿಯ ಜಾಬ್ ಸಂಖ್ಯೆಯನ್ನು ನಡಾವಳಿಯಲ್ಲಿ ಬರೆಸಿ; ನಡೆಯದಿದ್ದರೆ ಹಿಂದಿನ ಸಭೆಗಳ ನಡಾವಳಿ ಕೇಳಿ ಇನ್ನೊಂದು ಮಾಹಿತಿ ಅರ್ಜಿ ಹಾಕಿ.

ದಾಖಲೆಗೂ ರಸ್ತೆಗೂ ತಾಳೆಯಾಗದೆ, ಮೇಲಧಿಕಾರಿಗಳೂ ಕಿವಿಗೊಡದಿದ್ದರೆ ಲೋಕಾಯುಕ್ತಕ್ಕೆ ಹೋಗಬಹುದು. ಅಲ್ಲಿ ನಿಗದಿತ ನಮೂನೆಯ ದೂರಿನ ಜೊತೆ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕಾಗುತ್ತದೆ, ಆದ್ದರಿಂದ ಊಹೆಯನ್ನು ಬರೆಯದೆ ಅಳತೆ, ದಿನಾಂಕ ಮತ್ತು ಪುಟಸಂಖ್ಯೆಯನ್ನಷ್ಟೇ ಬರೆಯಿರಿ. ಯಾರ ಮೇಲೂ ಕಳ್ಳತನದ ಆರೋಪ ಹೊರಿಸುವ ಅಗತ್ಯವಿಲ್ಲ. ಪುಸ್ತಕದಲ್ಲಿ 40, ರಸ್ತೆಯಲ್ಲಿ 25 ಎಂದರೆ ಸಾಕು.

ಕಡೆಯದಾಗಿ, ಗುತ್ತಿಗೆ ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟೆಂದು ಹುಡುಕಿ. ಆ ಅವಧಿಯಲ್ಲಿ ರಸ್ತೆ ಕಿತ್ತುಬಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ದುರಸ್ತಿ ಮಾಡಬೇಕು, ಅವರ ಭದ್ರತಾ ಠೇವಣಿ ಅಲ್ಲಿಯವರೆಗೆ ಇಲಾಖೆಯಲ್ಲೇ ಇರುತ್ತದೆ. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದಕ್ಕೆ ಎರಡು ತಿಂಗಳು ಮೊದಲು ಬೀದಿಯುದ್ದಕ್ಕೂ ನಡೆದು, ಪ್ರತಿ ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಠೇವಣಿ ಹಿಂತಿರುಗಿಸುವ ಮುನ್ನ ಇವನ್ನೆಲ್ಲ ದುರಸ್ತಿ ಮಾಡಿಸಬೇಕೆಂದು ಕಾರ್ಯಪಾಲಕ ಎಂಜಿನಿಯರಿಗೆ ಸ್ವೀಕೃತಿ ಸಹಿತ ಪತ್ರ ಕೊಡಿ.